ಒಳಕ್ಕೆ ತಿರುಗಿದ್ದ ಗೋಡೆ

‘ಮಾವ, ನಿಮ್ನ ಅಂದ್ರೆ ಎಂತ?’

ಕಳೆದ ಭಾನುವಾರ ಕೊಪ್ಪದ ಅಕ್ಕನ ಮನೆಯಲ್ಲಿ ಕಾಫಿ ಕೈಗೆ ಬರುವ ಮೊದಲೇ ಅಕ್ಕನ ಮಗಳು ಗಣಿತದ ಪುಸ್ತಕ ಹಿಡಿದು ಬಂದಳು. ಮರುದಿನ ಟೆಸ್ಟು. ಒಳಕ್ಕೆ ತಗ್ಗಿದ್ದನ್ನು ತಗ್ಗು ಎಂದರೆ ಪಠ್ಯಪುಸ್ತಕದವರ ಗಂಟೇನು ಹೋಗುತ್ತದೆ? (ಮಾರ್ಕ್ಸ್ ಹೋಗುತ್ತದಂತೆ.)

ಹಾಳೆಯಲ್ಲಿ ಒಂದು ಚೌಕ ಬರೆದು, ಅದರ ಒಂದು ಬದಿಯನ್ನು ಒಳಕ್ಕೆ ಬಗ್ಗಿಸಿ ತೋರಿಸಿದೆ. ಇದು ನಿಮ್ನ. ಇದರೊಳಗಿನ ಎರಡು ಚುಕ್ಕಿ ಸೇರಿಸಹೊರಟರೆ ಗೆರೆ ಕೆಲವು ಸಲ ಹೊರಗೆ ಹೋಗಿ ಬರುತ್ತದೆ ಎಂದೆ.

‘ನಮ್ಮ ಹಳೇ ಕಾಂಪೌಂಡು ಹೀಗೇ ಇತ್ತಲ್ಲ’ ಎಂದಳು ಹುಡುಗಿ.

ಹೌದು, ಹೀಗೇ ಇತ್ತು. ಪಕ್ಕದ ಮನೆಯ ಕಡೆಗಿದ್ದ ಬಾವಿ ಅಕ್ಕನ ಮನೆಯವರದೇ. ಆದರೆ ಭಾವನ ತಂದೆ ಕಾಂಪೌಂಡ್ ಕಟ್ಟಿಸುವಾಗ ಬಾವಿಯ ಹತ್ತಿರ ಗೋಡೆಯನ್ನು ಒಳಕ್ಕೆ ತಿರುಗಿಸಿ, ಬಾವಿಯನ್ನು ಹೊರಗೆ ಬಿಟ್ಟರು. ಪಕ್ಕದ ಮನೆಯವರು ನೀರಿಗೆ ಯಾರನ್ನೂ ಕೇಳಬೇಕಾಗಬಾರದು ಎಂದು. ತಮಗೆ ಅಲ್ಲೊಂದು ಸಣ್ಣ ಬಾಗಿಲು ಇಟ್ಟುಕೊಂಡರು.

ಪಕ್ಕದ ಮನೆ ಮೈಮುನಾರದು. ಗಂಡನಿಗೆ ಪೇಟೆಯಲ್ಲಿ ಅಂಗಡಿ. ಬೆಳಿಗ್ಗೆ ಮೈಮುನಾ ನೀರು ಸೇದಿದರೆ ಅಕ್ಕ ಕೊಡ ಎತ್ತಿ ಸೊಂಟಕ್ಕೆ ಕೊಡುತ್ತಿದ್ದಳು. ಅಕ್ಕ ಸೇದಿದರೆ ಮೈಮುನಾ. ಎರಡು ಕೊಡ ನೀರಿಗೆ ಎಷ್ಟು ಹೊತ್ತು ಎಂದು ಭಾವ ರೇಗುತ್ತಿದ್ದರು. ನೀರಿಗೆ ಯಾರು ಹೋಗುತ್ತಿದ್ದರು, ಹೇಳಿ?

ಹೋದ ವರ್ಷ ವಾಸ್ತು ಪಂಡಿತರೊಬ್ಬರು ಬಂದರು. ಗೋಡೆ ಒಳಕ್ಕೆ ಬಂದಿದೆ, ಅದಕ್ಕೇ ಭಾವನಿಗೆ ಬೆನ್ನುನೋವು ಎಂದರು. ಗೋಡೆ ನೆಟ್ಟಗಾಯಿತು. ಬಾವಿ ಒಳಗೆ ಬಂತು. (ಬೆನ್ನುನೋವು ಇನ್ನೂ ಇದೆ.) ಗೇಟಿನಿಂದ ಧಾರಾಳವಾಗಿ ಬನ್ನಿ ಎಂದು ಭಾವ ಮನಸ್ಸಿಟ್ಟೇ ಹೇಳಿದರು. ಮೈಮುನಾ ಕೆಲವು ದಿನ ಬಂದರು. ಒಮ್ಮೆ ಗೇಟಿಗೆ ಚಿಲಕ ಹಾಕಿತ್ತು, ಇನ್ನೊಮ್ಮೆ ಜಗಲಿಯಲ್ಲಿ ನೆಂಟರಿದ್ದರು. ಆಮೇಲೆ ಅವರ ಮನೆಗೆ ನಲ್ಲಿ ಬಂತು.

ಸೆರಗಿನಂಚಿನಿಂದ ಲೋಟ ಹಿಡಿದು ಕಾಫಿ ತಂದ ಅಕ್ಕನನ್ನು, ನೀನೇ ಒಮ್ಮೆ ಅವರ ಮನೆಗೆ ಹೋಗಿ ಮಾತಾಡಬಾರದೇ ಎಂದು ಕೇಳಿದೆ.

‘ಹೋಗಿ ಎಂತ ಹೇಳ್ಲಿ ಮಾರಾಯ?’ ಎಂದಳು ಅಕ್ಕ. ‘ಜಗಳ ಆಗಿದ್ರೆ ರಾಜಿ ಮಾಡ್ಕೊಂಡು ಬರ್ಬಹುದಿತ್ತು.’

ಹುಡುಗಿ ಹಾಳೆಯ ಮೇಲೆ ಚುಕ್ಕಿ ಸೇರಿಸುತ್ತಲೇ ಇದ್ದಳು.

ಕರೆಂಟು ಹೋಗಿ ಪಂಪು ನಿಂತಾಗ ಅಕ್ಕ ಈಗಲೂ ಬಾವಿಗೆ ಹೋಗುತ್ತಾಳೆ. ಬಾವಿ ಪೂರ್ತಿ ಅಕ್ಕನ ಮನೆಯದೇ ಆಯಿತು, ಸರಿ. ಕೊಡ ಎತ್ತಿ ಕೊಡುವವರು ಯಾರು?