ಪ್ರಭಾಕರ ಕಾಕಾನ ಹೊಟ್ಟಿ, ಯಾರದೋ ಮಾರಿ

ಹೆಪ್ಸಿಬಾ ಹೊಲಿಯುವುದು ದೊಡ್ಡ ಮೈಯವರ ಅಂಗಿ ಮಾತ್ರ. ಬೀದರಿನ ಮಂಗಲಪೇಟೆಯ ಬಾಡಿಗೆ ಮನೆಯ ಮುಂಗೋಣೆಯಲ್ಲಿ ಅವಳ ಮಷೀನು, ಮಷೀನಿನ ಕಾಲಬುಡದಲ್ಲಿ ಚಿಂದಿಯೊಡನೆ ಆಡುವ ಒಂದೂವರೆ ವರ್ಷದ ಮಗ ಸುಜೀತ.

ಈ ಕಸುಬಿಗೆ ಕಾರಣ ಅವಳ ಅಪ್ಪ. ಔರಾದದ ಶಾಲೆಯಲ್ಲಿ ಯೇಸುದಾಸ ಮಾಸ್ತರರೆಂದರೆ ಬಾಗಿಲಲ್ಲಿ ಮೊದಲು ಹೊಟ್ಟೆ ಕಾಣುತ್ತಿತ್ತು, ಆಮೇಲೆ ಮಾಸ್ತರರು. ಕ್ರಿಸ್‌ಮಸ್ಸಿಗೆ ಅಂಗಿ ಕೊಳ್ಳಲು ಹೋದರೆ ಅಂಗಡಿಯವನು ಕಪಾಟಿನ ಕಡೆ ತಿರುಗಿಯೂ ನೋಡದೆ, “ನಿಮ್ಮ ಸೈಜ್ ಬರಂಗಿಲ್ರಿ ಮಾಸ್ತರ, ಟೆಂಟಿನ ಅಂಗಡಿಗಿ ಹೋಗ್ರಿ” ಎಂದು ನಗುತ್ತಿದ್ದ. ಮಾಸ್ತರರೂ ನಗುತ್ತಿದ್ದರು. ಮಗಳು ನಗುತ್ತಿರಲಿಲ್ಲ. ಹೊಲಿಗೆ ಕಲಿತ ಮೇಲೆ ಅಪ್ಪನ ಮೈಮೇಲೆಯೇ ಅಳೆದು, ಕತ್ತರಿಸಿ, ಬಿಚ್ಚಿ, ಮತ್ತೆ ಹೊಲಿದು ಒಂದು ಕಟಿಂಗ್ ಕೂಡಿಸಿದಳು. ಮುಂಭಾಗ ಹಿಂಭಾಗಕ್ಕಿಂತ ಎರಡು ಬೆರಳು ಉದ್ದ. ಹೊಟ್ಟೆ ಬಟ್ಟೆಯನ್ನು ಎತ್ತಿದಾಗ ಅಂಚು ಸುತ್ತಲೂ ಸಮ ನಿಲ್ಲುತ್ತದೆ. ಅಪ್ಪ ಈಗಿಲ್ಲ. ಕಟಿಂಗ್ ಉಳಿದಿದೆ.

ಆದರೆ ಊರಲ್ಲಿರುವ ದೊಡ್ಡ ಹೊಟ್ಟೆಗಳೆಷ್ಟು? ಅವಳ ಅಂಗಿ ಬೇಗ ಹರಿಯುವುದೂ ಇಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಗಂಡ ಪಾಲನೇ, “ಆನ್‌ಲೈನ್ ಮಾರು. ಮಾಡೆಲ್ ಹುಡುಕೋ ತ್ರಾಸೂ ಇಲ್ಲ, ಎಐ ಅದ” ಎಂದು ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಅಂಗಿಯ ಫೋಟೋ ಕೊಟ್ಟರೆ ಸಾಕು, ಅದು ಇಲ್ಲದ ಮನುಷ್ಯನೊಬ್ಬನನ್ನು ಹುಟ್ಟಿಸಿ ಆ ಅಂಗಿ ತೊಡಿಸುತ್ತದೆ.

ಹುಟ್ಟಿದವನು ಸಪೂರ ಹುಡುಗ. ಹೆಪ್ಸಿಬಾ “ದಪ್ಪ ಮನುಷ್ಯ” ಎಂದು ಬರೆದಳು. ಲಾಡುವಿನ ತಟ್ಟೆ ಹಿಡಿದು ಹಲ್ಲು ಕಿರಿಯುವವನೊಬ್ಬ ಬಂದ. “ದಪ್ಪ, ಗಂಭೀರ, ಮರ್ಯಾದಸ್ಥ” ಎಂದಳು. ಪೈಲ್ವಾನ ಬಂದ. ಹೊಟ್ಟೆ ಇದ್ದರೆ ಮರ್ಯಾದೆ ಇಲ್ಲ, ಮರ್ಯಾದೆ ಇದ್ದರೆ ಹೊಟ್ಟೆ ಇಲ್ಲ. ಮಗ ಅಳತೊಡಗಿದ್ದ, ಸಾಕೆಂದು ಸಪೂರ ಹುಡುಗನನ್ನೇ ಹಾಕಿದಳು. ಅಂಗಿಯ ಮುಂದಿನ ಉದ್ದವನ್ನು ಆ್ಯಪ್ ತಪ್ಪೆಂದು ತಿಳಿದು ತಾನೇ ಸಮ ಮಾಡಿಬಿಟ್ಟಿತ್ತು.

ಸಪೂರ ಹುಡುಗನನ್ನು ನೋಡಿ ಸಪೂರ ಹುಡುಗರೇ ಕೊಂಡರು. ಅಂಗಿಗಳೆಲ್ಲ ಹಿಂದಿರುಗಿದವು. “ಮುಂದ ನಾಯಿ ನಾಲಗಿಯಂಗ ಜೋತು ಬೀಳ್ತದ” ಎಂದು ಒಬ್ಬ ಬರೆದ. ಹೀಗೇ ವಾಪಸ್ ಬರುತ್ತಿದ್ದರೆ ನಿಮ್ಮ ಮಳಿಗೆ ಮುಚ್ಚುತ್ತೇವೆ ಎಂದು ಆನ್‌ಲೈನ್ ಮಾರಾಟದ ಕಂಪನಿಯ ಸಂದೇಶವೂ ಬಂತು.

“ನಿನಗ ಜೀವಂತ ಹೊಟ್ಟಿ ಬೇಕು” ಎಂದ ಪಾಲ.

“ನಿಂದಂತೂ ಆಗಂಗಿಲ್ಲ, ಬಿದಿರ ಕೋಲು.”

ಜೀವಂತ ಹೊಟ್ಟೆ ಭಾಲ್ಕಿಯಲ್ಲಿತ್ತು. ಪ್ರಭಾಕರ ಕಾಕಾ ಅವಳ ಹಳೆಯ ಗಿರಾಕಿ, ತೊಗರಿಯ ಅಡತಿ ವ್ಯಾಪಾರಿ. ರೈತರ ಮಾಲು ಅವನ ಅಂಗಡಿಯಲ್ಲಿ ತೂಗಿ ಮಾರಾಟವಾಗುತ್ತದೆ. ಹೆಪ್ಸಿಬಾ ಮಗನನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ವಿಷಯ ಕೇಳಿ ಕಾಕಾ ಚಹಾದ ಬಶಿ ಕೆಳಗಿಟ್ಟ.

“ನನ್ನ ಫೋಟೋ? ಊರ ಮಂದಿ ಬಾಯಿಗಿ ಉಂಡಿ ಕೊಟ್ಟಂಗ ಆಗ್ತದ, ತಂಗಿ.”

“ಮಾರಿ ನಿಮ್ದು ಇರಂಗಿಲ್ರಿ ಕಾಕಾ. ಗದ್ದದ ಕೆಳಗಷ್ಟೇ ಫೋಟೋ. ಮ್ಯಾಲಿನ ಮಾರಿ ಎಐ ಹಚ್ತದ.”

“ಯಾರಿಗೂ ಗೊತ್ತಾಗಂಗಿಲ್ಲ?”

“ಹ್ಯಾಂಗ ಗೊತ್ತಾಗ್ತದರಿ?”

ಮುಖ ಆರಿಸಿದವನು ಬೋಳುತಲೆಯ ಕಾಕಾನೇ. ಆ್ಯಪ್ ತೋರಿಸಿದ ಮುಖಗಳನ್ನೆಲ್ಲ ಸರಿಸಿ ಸರಿಸಿ ನೋಡಿ, ತಲೆ ತುಂಬ ಕೂದಲು, ದಟ್ಟ ಮೀಸೆ ಇದ್ದವನ ಮೇಲೆ ಬೆರಳಿಟ್ಟ. ಅವನ ಹೆಂಡತಿ ಕಾವೇರಿಬಾಯಿ ಇಣುಕಿ ನೋಡಿ, “ಇಂವ ಬಂದ್ರ ನಾ ದಿನಾ ಹೋಳಿಗಿ ಮಾಡ್ತೇನಿ” ಎಂದಳು.

ಅಂಗಡಿಯ ಹಿಂದೆ ಬಿಳಿ ಚಾದರ ಕಟ್ಟಿ ಫೋಟೋ ತೆಗೆದದ್ದಾಯಿತು. ಈ ಸಲ ಅಂಗಿಯ ಅಂಚು ಸುತ್ತಲೂ ಸಮ ನಿಂತಿತ್ತು, ಆ್ಯಪ್‌ಗೆ ತಿದ್ದಲು ಏನೂ ಇರಲಿಲ್ಲ. ಆರ್ಡರು ಬರತೊಡಗಿದವು. ವಾಪಸ್ ಬಂದವು ಬೆರಳೆಣಿಕೆ.

ಯಾರಿಗೂ ಗೊತ್ತಾಗುವುದಿಲ್ಲ ಎಂದದ್ದು ಬೀದರಿಗೆ ಸರಿ, ಭಾಲ್ಕಿಗೆ ಅಲ್ಲ. ಚೀಲಕ್ಕೆ ಕೈಹಾಕಿ ತೊಗರಿ ತೆಗೆದು, ಬಟ್ಟಲು ಮಾಡಿದ ಅಂಗೈಯನ್ನು ಹೊಟ್ಟೆಯ ಮೇಲಿಟ್ಟು ರೈತನಿಗೆ ಕಾಳು ತೋರಿಸುವುದು ಪ್ರಭಾಕರ ಕಾಕಾನ ನಿತ್ಯದ ಭಂಗಿ. ಫೋಟೋದಲ್ಲೂ, ಕಾಳಿಲ್ಲದಿದ್ದರೂ, ಕೈ ಅಲ್ಲಿಯೇ ಹೋಗಿ ಕೂತಿತ್ತು. ಮೊದಲು ಗುರುತು ಹಿಡಿದವನು ಅಂಗಡಿಯಲ್ಲಿ ಚೀಲ ಹೊರುವ ಹಮಾಲ ಕಾಶೀರಾಮ.

“ಸಾವ್ಕಾರ್ರ, ಕೂದಲು ಹೈದರಾಬಾದದಾಗ ನೆಡಿಸಿದ್ರೇನ್ರಿ? ಫಸಲು ಮಸ್ತ್ ಬಂದದ!”

ಇಡೀ ಬಜಾರಿಗೆ ಫೋಟೋ ಹಬ್ಬಿತು. ಕಾಕಾ ಎರಡು ದಿನ ನಕ್ಕು ತೇಲಿಸಿದ. ಮೂರನೆಯ ದಿನ ತೊಗರಿ ತಂದ ರೈತನೊಬ್ಬ ತಕ್ಕಡಿಯ ಮುಂದೆ ನಿಂತು, “ಮಾರಿ ಬದಲಿ ಮಾಡಾವ್ರು ತೂಕ ಬದಲಿ ಮಾಡಂಗಿಲ್ಲೇನ್ರಿ?” ಎಂದ. ತಮಾಷೆಗೇ ಅಂದನೋ ಏನೋ. ಕಾಕಾ ಆಗಲೇ ಹೆಪ್ಸಿಬಾಗೆ ಫೋನು ಮಾಡಿದ.

“ತೆಗಿ. ಈಗೇ ತೆಗಿ.”

ಅವಳು ಯಾಕೆಂದು ಕೇಳಲಿಲ್ಲ. ತೆಗೆದಳು. ಅದರೊಡನೆ ಆರ್ಡರುಗಳೂ ನಿಂತವು. ಹೊಲಿದಿಟ್ಟ ಅಂಗಿಗಳ ಕಟ್ಟು ಗೋಡೆಗುಂಟ ಏರಿತು. ಸುಜೀತ ಅದನ್ನು ಹತ್ತುವುದು ಕಲಿತ. ಆ ದೇಹವನ್ನೇ ಅಷ್ಟಿಷ್ಟು ತಿದ್ದಿ ಬೇರೊಬ್ಬನನ್ನು ಮಾಡಬಹುದೆಂದು ಪಾಲ ಹೇಳಿದ. ಕೇಳದೆ ಮಾಡುವುದು ಅವಳಿಗೆ ಸರಿಬರಲಿಲ್ಲ. ಮತ್ತೆ ಭಾಲ್ಕಿಗೆ ಹೋದಳು.

ಕಾಕಾ ತಕ್ಕಡಿಯ ಕಡೆ ತಿರುಗಿ ಕೂತ. ಕಾವೇರಿಬಾಯಿಯೇ ರೈತನ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿ, “ಇಲ್ಲಿ ವ್ಯಾಪಾರ ನಡೆಯೋದೇ ಮಾರಿ ನೋಡಿ, ತಂಗಿ” ಎಂದಳು.

ಹೆಪ್ಸಿಬಾ ಕೇಳಿದಳು: “ಕಾಕಾ, ಹೊಟ್ಟಿ ನೋಡಿ ಯಾರರೆ ನಕ್ರೇನ್ರಿ?”

ಕಾಕಾ ಯೋಚಿಸಿದ. “ಇಲ್ಲ. ಹೊಟ್ಟಿ ದಿನಾ ನೋಡ್ತಾರ. ನಕ್ಕಿದ್ದು ಕೂದಲಿಗಿ.”

“ಹಂಗಾದ್ರ ಮಾರೀನೂ ನಿಮ್ದೇ ಇರ್ಲಿ.”

“ಆವಾಗ ನಗಂಗಿಲ್ಲೇನು?”

“ನಗಬೌದ್ರಿ. ಆದ್ರ ಬದಲಿ ಮಾಡ್ಯಾನ ಅಂತ ಅನ್ನಂಗಿಲ್ಲ.”

ಬೋಳುತಲೆಯ ಮೇಲೆ ಒಮ್ಮೆ ಕೈಯಾಡಿಸಿ ಕಾಕಾ ಎದ್ದ. ಚಾದರ ಮತ್ತೆ ಕಟ್ಟಿದರು. ಈ ಸಲ ಫೋಟೋ ನೆತ್ತಿಯಿಂದ ಮೊಣಕಾಲಿನವರೆಗೆ. ಕಾಕಾ ಫೋನು ಇಸಿದುಕೊಂಡು ಚಿತ್ರ ದೊಡ್ಡದು ಮಾಡಿ ನೋಡಿದ.

“ಸಿಟ್ಟಿಗೆದ್ದಂಗ ಕಾಣ್ತೇನಿ.”

“ಸಾಲ ಕೇಳಾಕ ಬಂದವ್ರಿಗಿ ದಿನಾ ಹಂಗೇ ಕಾಣ್ತೀರಿ” ಎಂದಳು ಕಾವೇರಿಬಾಯಿ.

“ಕೂದಲಿಗಿ ಆ ಮಷೀನು ಏನರೆ…”

“ಮಾಡ್ತದರಿ. ಹೇಳ್ರಿ, ಮಾಡಸ್ತೇನಿ.”

ಕಾಕಾ ಫೋನು ಅವಳ ಕೈಗೆ ವಾಪಸ್ ಕೊಟ್ಟ. “ಬ್ಯಾಡ. ಹಾಕು.”

ಮೀಸೆಯವನಿಗೆ ಬಂದಷ್ಟು ಆರ್ಡರು ಬೋಳುತಲೆಗೆ ಬರಲಿಲ್ಲ. ಬಂದವು ಮಾತ್ರ ಅಂಥ ಮೈಯವರಿಂದಲೇ ಬಂದವು. ಅಂಗಿಗಳು ಹೋದಲ್ಲಿಯೇ ಉಳಿದವು. ಕಂಪನಿ ಮಳಿಗೆ ಮುಚ್ಚುವ ಮಾತು ಬಿಟ್ಟಿತು. ಭಾಲ್ಕಿಯಲ್ಲಿ ವಾರವೊಂದು ಕಾಕಾನನ್ನು ‘ಹೀರೋ’ ಎಂದು ಕರೆದು, ಆಮೇಲೆ ತೊಗರಿಯ ದರ ಬಿದ್ದದ್ದರಿಂದ ಅದನ್ನೂ ಮರೆತರು.

ಒಂದು ದಿನ ನಾಂದೇಡದ ಗಿರಾಕಿಯೊಬ್ಬ ಬರೆದು ಕೇಳಿದ: ಫೋಟೋದಲ್ಲಿರುವವರು ನೆಲಕ್ಕೆ ಕೂತು ಉಂಡರೆ ಗುಂಡಿಗಳ ನಡುವೆ ಬಿರುಕು ಬಿಡುತ್ತದೆಯೇ? ಹೆಪ್ಸಿಬಾ ಆ ಪ್ರಶ್ನೆಯನ್ನು ಭಾಲ್ಕಿಗೆ ಕಳಿಸಿದಳು. ಮಧ್ಯಾಹ್ನ ಉತ್ತರ ಬಂತು. ಫೋಟೋ ತೆಗೆದವನು ಕಾಶೀರಾಮ ಇರಬೇಕು, ಚಿತ್ರ ಸ್ವಲ್ಪ ವಾರೆ. ಪ್ರಭಾಕರ ಕಾಕಾ ಅಡತಿಯ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಕೂತು, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ, ಒಂದು ಬೆರಳಿನಿಂದ ಎಲ್ಲೂ ಬಿರುಕು ಬಿಡದ ಗುಂಡಿಸಾಲು ತೋರಿಸುತ್ತಿದ್ದ.