ಹೆಬ್ಬಾಳದ ಜಾಮಿನಲ್ಲಿ ಅಮೆರಿಕದ ಚುನಾವಣೆ

ಯಲಹಂಕದಿಂದ ಹೊರಟ ನಮ್ಮ ಬಸ್ಸು ಹೆಬ್ಬಾಳದಲ್ಲಿ ಸಮಾಧಿಸ್ಥವಾಯಿತು. ಪಕ್ಕದಲ್ಲಿ ನಿಂತ ಹುಡುಗಿಗೆ ಮುಂದಿನ ಸ್ಟಾಪಿನ ಕಾಲೇಜಿನಲ್ಲಿ ಇತಿಹಾಸದ ಪರೀಕ್ಷೆ. ಅವಳ ಚೀಲವನ್ನು ಸೀಟಿನಲ್ಲಿದ್ದ ಅಪರಿಚಿತ ಅಜ್ಜಿ, ಬಸ್ಸಿನ ಸಂಪ್ರದಾಯದಂತೆ, ಕೇಳದೆಯೇ ತೊಡೆಗೇರಿಸಿಕೊಂಡಿದ್ದರು.

ಹುಡುಗಿ ನನ್ನ ನರೆಗೂದಲನ್ನು ನಂಬಿ ಕೇಳಿದಳು: "ಸಾರ್, ಅಮೆರಿಕದಲ್ಲಿ ಗುಲಾಮಗಿರಿ ಜಗಳಕ್ಕೂ ಅಧ್ಯಕ್ಷರ ಚುನಾವಣೆಗೂ ಏನ್ ಸಂಬಂಧ?"

ಗಂಭೀರವಾಗಿ ಅಪ್ಪಣೆ ಕೊಡಿಸಿದೆ: "1860ರ ಚುನಾವಣೆ ಹೊತ್ಗೆ, ಹೊಸ ಪ್ರಾಂತ್ಯಗಳಿಗೂ ಗುಲಾಮಗಿರಿ ಬೇಕಾ ಅಂತ ಜಗಳ ಆಗಿ ದೊಡ್ಡ ಪಕ್ಷ ಒಡೀತು. ಆ ಪಕ್ಷದ ಉತ್ತರದೋರು ಒಬ್ರನ್ನ, ದಕ್ಷಿಣದೋರು ಇನ್ನೊಬ್ರನ್ನ ನಿಲ್ಲಿಸಿದ್ರು. 'ಬೇಡ' ಅಂದ ಹೊಸ ಪಕ್ಷ ಗೆಲ್ತು. ದಕ್ಷಿಣದ ರಾಜ್ಯಗಳು ದೇಶಾನೇ ಬಿಟ್ಟು ಹೊರಟ್ವು."

"ಆ ಗುಲಾಮ್ರು ಯಾರಿಗೆ ಓಟ್ ಹಾಕಿದ್ರು?" ಎಂದರು ಅಜ್ಜಿ.

"ಅವ್ರಿಗೆ ಓಟೇ ಇರ್ಲಿಲ್ಲಮ್ಮ."

ಅಷ್ಟರಲ್ಲಿ ಡ್ರೈವರ್ ನಡುರಸ್ತೆಯಲ್ಲೇ ಬಾಗಿಲು ತೆಗೆದರು. "ಓಡು ತಾಯಿ, ಪರೀಕ್ಷೆಗೆ ಈ ಬಸ್ ನಂಬ್ಕೊಂಡ್ರೆ ಕೆಟ್ಟೆ!"

ಹುಡುಗಿ ಚೀಲ ಹಿಡಿದು ಓಡಿದಳು. "ಓಟಿರ್ಲಿಲ್ಲ ಅಂತಾನೂ ಬರಿ ಮಗಾ!" ಎಂದು ಅಜ್ಜಿ ಕಿಟಕಿಯಿಂದ ಕೂಗಿದರು.

ಅವಳು ತಿರುಗಿ ಕೈಮುಗಿದಳು. ಯಾರಿಗೆಂದು ವಿಚಾರಿಸದೆ, ಆ ನಮಸ್ಕಾರದಲ್ಲಿ ಅರ್ಧವನ್ನು ನಾನು ಕೃತಜ್ಞತೆಯಿಂದ ಸ್ವೀಕರಿಸಿದೆ.