ಯಾವ ರಾಜ್ಯದಲ್ಲಿ ಎಷ್ಟಕ್ಕೆ ಸೂರ್ಯಾಸ್ತ

ನಮ್ಮ ಮನೆಯಲ್ಲಿ ಸೂರ್ಯ ಈಗೀಗ ಕ್ಯಾಲೆಂಡರಿಗಿಂತ ಇಪ್ಪತ್ತು ನಿಮಿಷ ಮೊದಲೇ ಮುಳುಗುತ್ತಾನೆ. ಪವಾಡವೇನಲ್ಲ. ಮಿರಜಿನ ಹತ್ತಿರದ ವಿಶ್ರಾಮಬಾಗದಲ್ಲಿ ನಮ್ಮ ಮನೆಯ ಪಶ್ಚಿಮಕ್ಕಿದ್ದ ಖಾಲಿ ಜಾಗದಲ್ಲಿ ಐದು ಮಜಲಿನ ಅಪಾರ್ಟಮೆಂಟು ಎದ್ದಿದೆ, ಅಷ್ಟೇ. ಬೇರೆಯವರ ಮನೆಯಲ್ಲಾದರೆ ಇದು ಲೈಟ್ ಬಿಲ್ಲಿನ ವಿಷಯ. ನಾವು ಜೈನರು. ನನ್ನ ಹೆಂಡತಿ ಪದ್ಮಾ ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗಿಡುವವಳಲ್ಲ. ಹೀಗಾಗಿ ಕಟ್ಟಡದ ಹಿಂದೆ ಹೋದ ಸೂರ್ಯ ಮುಳುಗಿದಂತೆಯೋ ಇಲ್ಲವೋ ಎಂಬ ಧರ್ಮಸೂಕ್ಷ್ಮ ಎದ್ದಿತು. ನಾನು ವಾದಕ್ಕೆ ಕುಳಿತೆ. ಅವಳು ವಾದಕ್ಕೆ ಕೂಡ್ರದೆ ಮಾಳಿಗೆ ಹತ್ತಿ ನೋಡಿ ಬಂದಳು, ಇನ್ನೂ ಇದ್ದಾನೆ ಎಂದಳು, ತಾಟು ಹಾಕಿದಳು. ಅಂದಿನಿಂದ ಅದೇ ರೂಢಿ.

ಈ ಸೂರ್ಯಾಸ್ತದ ವಿಷಯದಲ್ಲಿ ನನ್ನದೊಂದು ಹಳೆಯ ತಪ್ಪಿದೆ. ಅದನ್ನು ಹೇಳುವ ಮೊದಲು ನನ್ನ ಒಂದು ಚಟದ ಬಗ್ಗೆ ಹೇಳಬೇಕು. ಏನೇ ನಿರ್ಧಾರ ಮಾಡಬೇಕಾದರೂ ನಾನು ಕಾಗದದ ಮೇಲೆ ಪಟ್ಟಿ ಇಟ್ಟು ಗೆರೆ ಎಳೆದು ಕಾಲಮ್ಮು ಮಾಡುತ್ತೇನೆ. ಸ್ಕೂಟರ್ ಕೊಳ್ಳುವಾಗ ಮಾಡಿದ್ದೆ, ಫ್ಯಾನು ಕೊಳ್ಳುವಾಗ ಮಾಡಿದ್ದೆ, ಮಗಳಿಗೆ ಹೆಸರಿಡುವಾಗಲೂ ಮಾಡಿದ್ದೆ. ಕನ್ಯೆ ನೋಡಲು ಹೋದಾಗ ಮಾತ್ರ ಕಾಗದ ಒಯ್ದಿರಲಿಲ್ಲ, ಏಕೆಂದರೆ ನಮ್ಮ ಕಾಕಾ ಮನೆಯ ಹೊಸ್ತಿಲಲ್ಲೇ ನನ್ನ ಜೇಬು ತಪಾಸಿಸಿ ಪೆನ್ನು ಕಿತ್ತುಕೊಂಡಿದ್ದರು. ನಾನು ಜೀವನದಲ್ಲಿ ಮಾಡಿದ ಅತಿ ದೊಡ್ಡ ಕೋಷ್ಟಕವೆಂದರೆ ಯಾವ ರಾಜ್ಯಕ್ಕೆ ಹೋಗಿ ನೆಲೆಸಬೇಕು ಎಂಬುದು.

ದೇಶದ ಬಾಗಿಲು ತೆರೆಯಿತು ಎಂದು ಪೇಪರಿನವರು ದಿನಾ ಬರೆಯುತ್ತಿದ್ದ ಕಾಲ ಅದು. ಕುಪವಾಡದ ಕೈಗಾರಿಕಾ ವಸಾಹತು, ಎಂಐಡಿಸಿಯ ನಮ್ಮ ವರ್ಕಶಾಪಿಗೆ ಆ ಸುದ್ದಿ ತಲುಪಿದ್ದು ಅಳತೆಯ ಮೂಲಕ. ಪಂಪಿನ ಬಿಡಿಭಾಗ ಮಾಡುವ ತನಕ ಕೂದಲೆಳೆಯಷ್ಟು ಹೆಚ್ಚುಕಮ್ಮಿ ನಡೆಯುತ್ತಿತ್ತು. ಹೊಸ ವಾಹನ ಕಂಪನಿಗಳು ಬಂದ ಮೇಲೆ ಕೂದಲೆಳೆಯನ್ನೂ ಸೀಳಿ ಅಳೆಯತೊಡಗಿದರು. ಮಾಲು ವಾಪಸು ಬರತೊಡಗಿತು. ಸೂಪರವೈಜರ್ ಆಗಿದ್ದ ನಾನು ಐದೂವರೆಗೆ ಬಿಡಬೇಕಾದ ಕೆಲಸವನ್ನು ಮೊದಲಿನಿಂದಲೂ ಏಳಕ್ಕೆ ಬಿಡುತ್ತಿದ್ದೆ, ಈಗ ಮನೆ ಮುಟ್ಟುವುದೇ ಎಂಟಾಗತೊಡಗಿತು. ಒಂದು ದಿನ ಮಾಲಕರು ಕರೆದು, ಬೇರೆ ರಾಜ್ಯದಲ್ಲಿ ಒಂದು ಹೊಸ ಶಾಖೆ ತೆಗೆಯುವುದಿದೆ ಎಂದರು. ಗುಜರಾತಿನ ರಾಜಕೋಟ, ಕರ್ನಾಟಕದ ಧಾರವಾಡ, ತಮಿಳುನಾಡಿನ ಹೊಸೂರು, ಮೂರೂ ಕಡೆ ಜಾಗ ಸಿಗುವಂತಿತ್ತು. ಹೋಗಿ ನಡೆಸುವವ ನೀನು, ಆರಿಸುವವನೂ ನೀನೇ ಆಗು, ಮುಂದೆ ಅಲ್ಲಿಯ ಮ್ಯಾನೇಜರನೂ ನೀನೇ ಎಂದು ಅವರು ಮರಾಠಿಯಲ್ಲಿ ಹೇಳಿದಾಗ ನನ್ನ ಕೈ ಆಗಲೇ ಜೇಬಿನ ಪೆನ್ನಿಗೆ ಹೋಗಿತ್ತು. ಜೂನಿನಲ್ಲಿ ಶಾಲೆ ಶುರುವಾಗುವ ಮೊದಲು ಉತ್ತರ ಹೇಳಬೇಕಿತ್ತು.

ಪಗಾರ, ಬಾಡಿಗೆ, ನೀರು, ಶಾಲೆ, ಊರಿಗೆ ಬಂದುಹೋಗುವ ದೂರ, ಭಾಷೆ ಎಂದು ಆರು ಕಾಲಮ್ಮು ಎಳೆದೆ. ಮನೆಯಲ್ಲಿ ಕನ್ನಡ ಮಾತಾಡುವವನಿಗೆ ಕರ್ನಾಟಕ ಬಿಟ್ಟು ಬೇರೆ ಯೋಚನೆ ಏಕೆ ಎಂದು ನೀವು ಕೇಳಬಹುದು. ನಾನು ಮಹಾರಾಷ್ಟ್ರದ ಗಡಿಯ ಹಳ್ಳಿ ಆರಗದವನು. ನಮ್ಮ ಕಡೆಯವರು ರಾಜ್ಯ ಆರಿಸಿದವರಲ್ಲ. ರಾಜ್ಯಗಳೇ ಬಂದು ನಮ್ಮನ್ನು ದಾಟಿಕೊಂಡು ಹೋಗಿವೆ. ನಮ್ಮಜ್ಜ ಸಂಸ್ಥಾನದಲ್ಲಿ ಹುಟ್ಟಿ, ಮುಂಬಯಿ ರಾಜ್ಯದಲ್ಲಿ ಮಕ್ಕಳ ಮದುವೆ ಮಾಡಿ, ಮಹಾರಾಷ್ಟ್ರದಲ್ಲಿ ತೀರಿಕೊಂಡ. ಇಷ್ಟೆಲ್ಲ ಮಾಡಿದ್ದು ಒಂದೇ ಪಡಸಾಲೆಯಲ್ಲಿ, ಒಂದೇ ಹೊರಸಿನ ಮೇಲೆ. ಊರಿನ ಕನ್ನಡ ಶಾಲೆಯಲ್ಲಿ ನಾನು ಅಕ್ಷರ ಕಲಿತೆ, ಮುಂದಿನದ್ದೆಲ್ಲ ಮಿರಜಿನಲ್ಲಿ ಮರಾಠಿಯಲ್ಲಿ ಆಯಿತು. ನನ್ನ ಮಗಳಿಗೆ ನಾವು ಕನ್ನಡದಲ್ಲಿ ಬೈದರೆ ಅವಳು ಮರಾಠಿಯಲ್ಲಿ ಅಳುತ್ತಾಳೆ. ಭಾಷೆಯ ಕಾಲಮ್ಮಿನಲ್ಲಿ ಧಾರವಾಡಕ್ಕೆ ಎಷ್ಟು ಅಂಕ ಕೊಡಬೇಕೆಂದು ತಿಳಿಯದೆ ಬಹಳ ಹೊತ್ತು ಕುಳಿತಿದ್ದು ನೆನಪಿದೆ.

ರವಿವಾರ ಕೋಷ್ಟಕ ಹಿಡಿದು ಆರಗಕ್ಕೆ ಹೋದೆ. ನಮ್ಮಪ್ಪ ತೀರಿದ ಮೇಲೆ ಹಿರಿಯರೆಂದರೆ ಕಾಕಾ ಒಬ್ಬರೇ. ಅವರು ಕನ್ನಡಕ ಏರಿಸಿ ಕಾಗದವನ್ನು ಮೇಲಿಂದ ಕೆಳಗೆ ನೋಡಿದರು, ಪಗಾರದ ಅಂಕಿಯ ಮೇಲೆ ಕಣ್ಣು ನಿಲ್ಲಿಸಲೇ ಇಲ್ಲ.

“ಎಲ್ಲಾ ಬರದಿ. ಅಲ್ಲೆ ಹೊತ್ತು ಎಷ್ಟಕ್ಕ ಮುಳಗತೈತಿ, ಅದನ್ನ ಬರದೇ ಇಲ್ಲಲ್ಲೋ?”

ನನಗೆ ನಗು ಬಂತು. ಕಾಕಾನ ಎದುರು ನಗಲಿಲ್ಲ, ಬಸ್ಸಿನಲ್ಲಿ ಕುಳಿತು ನಕ್ಕೆ. ವರ್ಕಶಾಪು ಸೇರಿದ ಮೊದಲ ತಿಂಗಳೇ ನಾನು ಹೊತ್ತಿರುವಾಗಲೇ ಉಣ್ಣುವ ಆ ನೇಮ ಬಿಟ್ಟಿದ್ದೆ. ಲೇಥ್ ಮಶೀನು ಹೊತ್ತು ನೋಡಿ ನಿಲ್ಲುವುದಿಲ್ಲ. ಆದರೂ ಹಿರಿಯರ ಮಾತೆಂದು ಏಳನೆಯ ಕಾಲಮ್ಮು ಎಳೆದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಸೂರ್ಯಾಸ್ತ ಏಳು ಗಂಟೆ ಎಂದಿತ್ತು. ಮೂರೂ ರಾಜ್ಯದ ಮುಂದೆ ಏಳು, ಏಳು, ಏಳು ಎಂದು ಬರೆದೆ. ಕೂದಲೆಳೆ ಸೀಳಿ ಅಳೆಯುವ ಮನುಷ್ಯ ಇಡೀ ಹಿಂದುಸ್ತಾನಕ್ಕೆ ಒಂದೇ ಸೂರ್ಯಾಸ್ತ ಬರೆದು ಖುಷಿಯಾಗಿ ಕುಳಿತಿದ್ದೆ.

ತಪ್ಪು ಹಿಡಿದವಳು ಪದ್ಮಾ. ಅವಳಕ್ಕ ಹೈದರಾಬಾದಿನಲ್ಲಿದ್ದಳು. ಸಂಜೆ ಎಸ್‌ಟಿಡಿ ಬೂತಿನಿಂದ ಮಾತಾಡುವಾಗ ಅಲ್ಲಿ ದೀಪ ಹಚ್ಚಿ ಆಗಿರುತ್ತದಂತೆ, ಇಲ್ಲಿ ಇವಳ ಮುಖದ ಮೇಲೆ ಇನ್ನೂ ಬಿಸಿಲಿರುತ್ತದೆ. ಹಾಗಿದ್ದ ಮೇಲೆ ಎಲ್ಲ ಕಡೆಗೂ ಏಳು ಹೇಗಾದೀತು ಎಂದು ಕೇಳಿದಳು. ಭೂಮಿ ತಿರುಗುವುದನ್ನೂ, ಪೂರ್ವದವರಿಗೆ ಹೊತ್ತು ಮೊದಲು ಹುಟ್ಟಿ ಮೊದಲು ಮುಳುಗುವುದನ್ನೂ ನಾನು ಶಾಲೆಯಲ್ಲಿ ಕಲಿತಿದ್ದೆ. ಕಲಿತದ್ದನ್ನು ಊಟದ ಹೊತ್ತಿಗೆ ಹೊಂದಿಸಿ ನೋಡಿರಲಿಲ್ಲ. ಮರುದಿನ ಆಫೀಸಿನ ಫೋನಿನಿಂದ ಮೂರೂ ಊರಿನ ಪರಿಚಯದವರನ್ನು ಹಿಡಿದು, ನಿಮ್ಮಲ್ಲಿ ಎಷ್ಟಕ್ಕೆ ಕತ್ತಲಾಗುತ್ತದೆ ಎಂದು ಕೇಳಿದೆ. ಪಕ್ಕದ ಕೋಣೆಯಲ್ಲಿದ್ದ ಮಾಲಕರು, ಸೂರ್ಯಾಸ್ತಕ್ಕೂ ಕೊಟೇಶನ್ ತರಿಸುತ್ತಿದ್ದೀಯಾ ಎಂದು ನಕ್ಕರು.

ಉತ್ತರ ಬಂತು. ಧಾರವಾಡ ಹೆಚ್ಚುಕಡಿಮೆ ನಮ್ಮ ಹಾಗೆಯೇ. ಹೊಸೂರಿನಲ್ಲಿ ನಮಗಿಂತ ಇಪ್ಪತ್ತು ನಿಮಿಷ ಮೊದಲು, ರಾಜಕೋಟದಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ತಡ. ಕಾಲಮ್ಮು ತಿದ್ದಿ ಪದ್ಮಾಳ ಮುಂದಿಟ್ಟೆ. ಗುಜರಾತ ಸರಕಾರ ನಿನಗೆ ದಿನಾ ಇಪ್ಪತ್ತು ನಿಮಿಷ ಬಿಸಿಲು ಜಾಸ್ತಿ ಕೊಡುತ್ತದೆ ನೋಡು ಎಂದು ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ. ಅಲ್ಲಿ ನೀವು ಮನೆಗೆ ಎಷ್ಟಕ್ಕೆ ಬರುತ್ತೀರಿ ಎಂದಷ್ಟೇ ಕೇಳಿದಳು. ಹೊಸ ಕಾರಖಾನೆ, ಮೊದಲ ಒಂದೆರಡು ವರ್ಷ ಗಡಿಯಾರ ನೋಡುವ ಹಾಗಿಲ್ಲ, ಎಂಟಾಗಬಹುದು ಒಂಬತ್ತಾಗಬಹುದು ಎಂದೆ.

“ಹಂಗಾದ್ರ ಯಾವುದಾದ್ರೂ ಅಷ್ಟರಿ,” ಎಂದು ಕಾಗದ ಮಡಚಿ ಕೊಟ್ಟಳು.

ನಾನು ಅದನ್ನು ಒಪ್ಪಿಗೆ ಎಂದುಕೊಂಡೆ. ರಾಜಕೋಟ ಎಂದು ಮನಸ್ಸಿನಲ್ಲೇ ನಿರ್ಧರಿಸಿಬಿಟ್ಟೆ.

ಆ ವಾರದಲ್ಲೇ ಒಂದು ದಿನ ಎಂಐಡಿಸಿಯಲ್ಲಿ ಲೈಟ್ ಹೋಯಿತು. ಇವತ್ತು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಎಲ್ಲರೂ ಮನೆಗೆ ಹೊರಟರು. ನಾನು ಆರೂಕಾಲಿಗೆ ಮನೆ ಮುಟ್ಟಿದೆ. ಮಗಳು ಸೂಟಿಗೆಂದು ಅಜ್ಜಿಯ ಊರಿಗೆ ಹೋಗಿದ್ದಳು, ಮನೆ ಸುಮ್ಮನಿತ್ತು. ಅಡಿಗೆಮನೆಯಲ್ಲಿ ಎರಡು ತಾಟು ಹಾಕಿತ್ತು, ಪಕ್ಕದಲ್ಲಿ ಅರಿವೆ ಮುಚ್ಚಿದ ಜೋಳದ ಭಕ್ಕರಿ, ಕಡಲೆಹಿಟ್ಟಿನ ಝುಣಕ, ಶೇಂಗಾ ಚಟ್ನಿ. ಪದ್ಮಾ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಮಗ್ಗುಲ ಮನೆಯ ನೀರಿನ ಟಾಕಿಯ ಮೇಲಿನ ಬಿಸಿಲನ್ನು ನೋಡುತ್ತಿದ್ದಳು. ಯಾರೋ ನೆಂಟರು ಪಾಹುಣೇರು ಬರುವವರಿದ್ದಾರೆ ಎಂದುಕೊಂಡು, ಇನ್ನೊಂದು ತಾಟು ಯಾರಿಗೆ ಎಂದೆ.

“ನಿಮಗರಿ.”

ನಾನು ದಿನಾ ಎಂಟಕ್ಕೆ ಬರುವವನು, ನನಗೇಕೆ ಆರಕ್ಕೆ ತಾಟು ಎಂದು ಕೇಳಿದೆ. ಒಂದೊಂದು ದಿನ ಲಗೂ ಬಂದರೂ ಬಂದೀರೆಂದು ಹಾಕಿರುತ್ತೇನೆ ಎಂದಳು. ಬರದಿದ್ದರೆ ಎಂದು ಕೇಳಿದೆ. ಅವಳು ಬಡಿಸತೊಡಗಿದಳು. ಇಬ್ಬರೂ ಕುಳಿತೆವು. ಮದುವೆಯಾಗಿ ಹನ್ನೊಂದು ವರ್ಷ, ಕೆಲಸದ ದಿನ ಅವಳು ಸಂಜೆ ಉಣ್ಣುವುದನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ಮೂರು ಭಕ್ಕರಿ ತಿಂದಳು. ಇವತ್ತು ಬಹಳ ಹಸಿದಿದ್ದಿ ಎಂದೆ.

“ದಿನಾ ಹಸೀತೈತ್ರಿ,” ಎಂದಳು.

ನಾನು ಕೈಯಲ್ಲಿದ್ದ ಭಕ್ಕರಿಯನ್ನು ತಾಟಿಗೆ ಇಟ್ಟೆ. ರಾತ್ರಿ ಬಂದು ಕೈಕಾಲು ತೊಳೆಯುತ್ತ ನಾನು ತಪ್ಪದೆ “ಊಟ ಆತೇನ?” ಎಂದು ಕೇಳುತ್ತಿದ್ದೆ. ನಮ್ಮ ಕಡೆ ಎದುರು ಸಿಕ್ಕ ಯಾರಿಗಾದರೂ ಕೇಳುವ ಮಾತು ಅದು. ಅವಳು ತಪ್ಪದೆ “ನೀವು ಉಣ್ರಿ” ಎಂದು ತಾಟು ಮುಂದಿಡುತ್ತಿದ್ದಳು. ಅವಳು ಸುಳ್ಳು ಹೇಳುವವಳಲ್ಲ, ಹೇಳಿಯೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಬಂದಿಲ್ಲವೆಂಬುದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ, ಏಕೆಂದರೆ ಉತ್ತರಕ್ಕಾಗಿ ನಾನು ಕೇಳಿಯೇ ಇರಲಿಲ್ಲ. ನೇಮದವಳು, ಹೊತ್ತಿದ್ದಾಗಲೇ ಉಂಡಿರುತ್ತಾಳೆ ಎಂದು ನಂಬಿ ಹೊಟ್ಟೆ ತುಂಬ ಉಂಡು ಮಲಗುತ್ತಿದ್ದೆ. ಮಗಳು ಶಾಲೆಯಿಂದ ಬಂದವಳೇ ಉಂಡು ಆಡಲು ಓಡುತ್ತಿದ್ದಳು. ಟಾಕಿಯ ಮೇಲಿನ ಬಿಸಿಲು ಆರುವ ತನಕ ಇವಳು ಕಾಯುತ್ತಿದ್ದಳು, ಆಮೇಲೆ ಉಣ್ಣದೆ ಉಳಿದ ತನ್ನ ತಾಟನ್ನು ತೊಳೆಯದೆಯೇ ಎತ್ತಿಡುತ್ತಿದ್ದಳು.

ಹೀಗೇಕೆ ಮಾಡಿದಿ ಎಂದು ಸಿಟ್ಟಿನಿಂದಲೇ ಕೇಳಿದೆ. ತಪ್ಪು ನನ್ನದಾದಾಗ ನನಗೆ ಸಿಟ್ಟು ಬೇಗ ಬರುತ್ತದೆ. ಅವಳು ಸಮಾಧಾನದಿಂದ ಹೇಳಿದಳು:

“ನೇಮ ನಂದು, ಅದಕ್ಕ ನಿಮ್ಮನ್ಯಾಕ ಕಟ್ಟಿಹಾಕ್ಲಿ? ನಿಮಗ ಕೆಲಸ ಇರತೈತಿ. ಒಬ್ಬಾಕಿನ ಕುಂತು ಉಣ್ಣಾಕ ನನಗ ಬರೂದಿಲ್ಲ, ಅಷ್ಟರಿ.”

ಅಂದು ಕೋಷ್ಟಕ ತೆಗೆದು ಮತ್ತೆ ನೋಡಿದೆ. ಮೂರು ರಾಜ್ಯ, ಏಳು ಕಾಲಮ್ಮು. ಯಾವ ಊರಿನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದಿತ್ತು, ನಾನು ಎಷ್ಟಕ್ಕೆ ಬರುತ್ತೇನೆ ಎಂಬುದಿರಲಿಲ್ಲ. ಅದನ್ನು ಬರೆದಿದ್ದರೆ ಮೂರಕ್ಕೂ ಒಂದೇ ಅಂಕಿ ಬರುತ್ತಿತ್ತು. ಇಡೀ ದೇಶಕ್ಕೆ ಒಂದೇ ಸೂರ್ಯಾಸ್ತ ಬರೆದ ನನ್ನ ಮೊದಲ ತಪ್ಪು ಅಷ್ಟೇನೂ ತಪ್ಪಾಗಿರಲಿಲ್ಲ.

ಮಾಲಕರ ಬಳಿ ಹೋಗಿ, ನನಗೆ ರಾಜ್ಯ ಬೇಡ, ಫಸ್ಟ್ ಶಿಫ್ಟ್ ಕೊಡಿ ಎಂದೆ. ಬೆಳಿಗ್ಗೆ ಏಳರಿಂದ ಮೂರೂವರೆ, ಆಮೇಲಿನ ಜವಾಬ್ದಾರಿ ಬೇರೆಯವರಿಗೆ. ಅವರಿಗೆ ಬಹಳ ಬೇಸರವಾಯಿತು. ಕಾರಣ ಕೇಳಿದರು, ಹೇಳಲು ನಾಚಿಕೆಯಾಗಿ ಆರೋಗ್ಯ ಎಂದೆ. ಯಾರ ಆರೋಗ್ಯ ಎಂದು ಅವರು ಕೇಳಲಿಲ್ಲ. ನನಗಿಂತ ಆರು ವರ್ಷ ಚಿಕ್ಕವನೊಬ್ಬ ನನ್ನದೇ ಕೋಷ್ಟಕ ಇಸಿದುಕೊಂಡು ಹೊಸೂರಿಗೆ ಹೋದ. ಈಗ ಅವನದೇ ಕಾರಖಾನೆಯಿದೆ, ಊರಿಗೆ ಬಂದಾಗ ಕಾರಿನಿಂದಿಳಿದು ನನ್ನ ಕಾಲು ಮುಟ್ಟುತ್ತಾನೆ. ನಾನು ಸೂಪರವೈಜರನಾಗಿಯೇ ನಿವೃತ್ತನಾದೆ. ಅವನ ಕಾರು ಹೊರಟುಹೋದ ಸಂಜೆಗಳಲ್ಲಿ ನನಗೆ ಹೊಟ್ಟೆಕಿಚ್ಚಾಗುವುದಿಲ್ಲ ಎಂದರೆ ಸುಳ್ಳಾದೀತು.

ಫಸ್ಟ್ ಶಿಫ್ಟಿನ ಮೊದಲ ದಿನ ನಾಲ್ಕಕ್ಕೇ ಮನೆಗೆ ಬಂದು ಯುದ್ಧ ಗೆದ್ದವನಂತೆ ಬಾಗಿಲಲ್ಲಿ ನಿಂತೆ. ಪದ್ಮಾ ನೋಡಿ, ಇಷ್ಟು ಲಗೂ ಬಂದು ಏನು ಮಾಡುತ್ತೀರಿ, ನಾನಿನ್ನೂ ಹಿಟ್ಟು ಸಹ ನಾದಿಲ್ಲ ಎಂದಳು. ಶೇಂಗಾ ಸುಲಿಯಲು ಕೂಡ್ರಿಸಿದಳು. ಆರಕ್ಕೆ ಇಬ್ಬರೂ ಉಂಡೆವು, ಟಾಕಿಯ ಮೇಲೆ ಇನ್ನೂ ಬಿಸಿಲಿತ್ತು. ಎರಡೂ ತಾಟು ತೊಳೆದಿಟ್ಟು ಅವಳು ದೇವರ ಮುಂದೆ ದೀಪ ಹಚ್ಚಿ ಬಂದಳು. ನಾನು ಕೈಕಾಲು ತೊಳೆದು ಬಂದವನು, ಹಳೆಯ ರೂಢಿ ನೋಡಿ, ಬಾಯಿ ತಪ್ಪಿ ಕೇಳಿಯೇಬಿಟ್ಟೆ:

“ಊಟ ಆತೇನ?”

ಅವಳು ಸೆರಗಿಗೆ ಕೈ ಒರಸಿಕೊಳ್ಳುತ್ತ ನನ್ನ ಮುಖ ನೋಡಿದಳು. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಆ ಪ್ರಶ್ನೆಗೆ ಉತ್ತರ ಕೊಟ್ಟಳು.

“ಆತ್ರಿ.”